ಕ್ರಿಸ್ಮಸ್ ಮರ, ನಕ್ಷತ್ರ, ಗೋದಲಿ: ಮನೆಯ ಅಲಂಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಹತ್ತಿರವಾಯಿತೆಂದರೆ ನನಗೆ ಬರುವ ಪ್ರಶ್ನೆಗಳು ವರ್ಷವರ್ಷವೂ ಹೆಚ್ಚುಕಡಿಮೆ ಅವೇ. ಕೇಳುವವರಲ್ಲಿ ಅಪಾರ್ಟ್‌ಮೆಂಟಿನ ನೆರೆಯವರಿದ್ದಾರೆ, ಮದುವೆಯಾಗಿ ಹೊಸ ಮನೆ ಹೂಡಿದ ನೆಂಟರ ಮಕ್ಕಳಿದ್ದಾರೆ, ಮಗಳ ಸಹಪಾಠಿಗಳ ತಾಯಂದಿರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸುಸ್ತಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹೊರವಲಯದ ಕೊಂಕಣಿ ಮಾತಿನ ಕೆಥೋಲಿಕ್ ಮನೆಯಲ್ಲಿ. ಇಪ್ಪತ್ತು ವರ್ಷದಿಂದ ಇರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಆದ್ದರಿಂದ ಉತ್ತರಗಳೂ ಈ ಎರಡು ಊರುಗಳ ನಡುವೆ ಓಡಾಡುತ್ತವೆ. ಒಂದು ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಗೆ ಮರ ಬಂದದ್ದು ತಡವಾಗಿ. ಅದಕ್ಕೂ ಮುಂಚೆ ಅಂಗಳದಲ್ಲಿ ನಕ್ಷತ್ರವಿತ್ತು, ಜಗಲಿಯ ಮೂಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಿಂದ ಕಟ್ಟಿದ್ದು, ಇತ್ತು. ಮರದ ಮೇಲೆ ನನಗೆ ಸಿಟ್ಟೇನೂ ಇಲ್ಲ, ಆದರೆ ಅದು ಗೋದಲಿಯ ಜಾಗವನ್ನು ನುಂಗಿದರೆ ನನಗೆ ಸಹಿಸಲಾಗುವುದಿಲ್ಲ.

ಮರವನ್ನು ಯಾವ ದಿನ ನಿಲ್ಲಿಸಬೇಕು?

ಇಂಥದೇ ದಿನ ಎಂಬ ಕಟ್ಟಳೆ ಇಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಅಡ್ವೆಂಟ್ ಅಥವಾ ಆಗಮನ ಕಾಲ ಎನ್ನುತ್ತಾರೆ. ಅದು ಶುರುವಾಗುವುದು ನವೆಂಬರ್ 30ಕ್ಕೆ ಹತ್ತಿರದ ಭಾನುವಾರ: 2025ರಲ್ಲಿ ನವೆಂಬರ್ 30, 2026ರಲ್ಲಿ ನವೆಂಬರ್ 29. ಇದು ಕಾಯುವ ಕಾಲವಾದ್ದರಿಂದ ಹಳಬರು ಮರವನ್ನು ಹಬ್ಬದ ಹಿಂದಿನ ದಿನ ಮಾತ್ರ ಅಲಂಕರಿಸುತ್ತಿದ್ದರು. ಜರ್ಮನಿಯಲ್ಲಿ ಇಂದಿಗೂ ಬಹಳಷ್ಟು ಮನೆಗಳಲ್ಲಿ ಡಿಸೆಂಬರ್ 24ರಂದೇ ಮರ ಬೆಳಗುತ್ತದೆ.

ನಮ್ಮ ಮನೆಯಲ್ಲಿ ನಕ್ಷತ್ರ ಏರುವುದು ಅಡ್ವೆಂಟಿನ ಮೊದಲ ಭಾನುವಾರ, ಗೋದಲಿಯ ಕೆಲಸ ಶುರುವಾಗುವುದು ಡಿಸೆಂಬರ್ 16ಕ್ಕೆ, ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಆರಂಭವಾದಾಗ. ಮರ ಅದರ ಪಕ್ಕದಲ್ಲಿ 20ರ ಸುಮಾರಿಗೆ ಬಂದು ನಿಲ್ಲುತ್ತದೆ. ನವೆಂಬರ್ ಮೊದಲ ವಾರದಲ್ಲೇ ಮರ ನಿಲ್ಲಿಸುವವರನ್ನು ಕಂಡರೆ ನನಗೆ ಒಂದೇ ಸಂಶಯ: ಡಿಸೆಂಬರ್ 25ರ ಹೊತ್ತಿಗೆ ಅವರಿಗೆ ಅದರ ಮೇಲೆ ಬೇಸರ ಬಂದಿರುವುದಿಲ್ಲವೇ?

ಬೈಬಲ್‌ನಲ್ಲಿ ಕ್ರಿಸ್ಮಸ್ ಮರದ ಪ್ರಸ್ತಾಪ ಇದೆಯೇ? ಇಲ್ಲದಿದ್ದರೆ ಎಲ್ಲಿಂದ ಬಂತು?

ಇಲ್ಲ. ಯೇಸುವಿನ ಜನನದ ಕಥೆಯಲ್ಲಿ ಗೋದಲಿ ಇದೆ, ಕುರುಬರಿದ್ದಾರೆ, ನಕ್ಷತ್ರ ಇದೆ, ಪೂರ್ವದಿಂದ ಬಂದ ಜ್ಞಾನಿಗಳಿದ್ದಾರೆ. ಮರ ಮಾತ್ರ ಇಲ್ಲ.

ಮರ ಬಂದದ್ದು ಜರ್ಮನ್ ಮಾತಿನ ಸೀಮೆಯಿಂದ. ಈಗ ಫ್ರಾನ್ಸಿನಲ್ಲಿರುವ ಆಲ್ಸಾಸ್ ಪ್ರಾಂತದ ಸೆಲೆಸ್ಟಾ ಪಟ್ಟಣದ ಲೆಕ್ಕಪತ್ರದಲ್ಲಿ, ಹಬ್ಬಕ್ಕೆಂದು ಜನ ಕಾಡಿನ ಮರ ಕಡಿಯದಂತೆ ಕಾಯಲು ಕಾವಲುಗಾರರಿಗೆ ಕೊಟ್ಟ ಹಣದ ದಾಖಲೆ ಇದೆ; ಇಸವಿ 1521. ಅದೇ ಸೀಮೆಯ ಸ್ಟ್ರಾಸ್‌ಬರ್ಗ್‌ನಲ್ಲಿ ಜನ ನಡುಮನೆಯಲ್ಲಿ ಫರ್ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ, ಮಿಠಾಯಿ ತೂಗುಹಾಕುತ್ತಿದ್ದರೆಂದು 1605ರ ಒಂದು ಬರಹ ಹೇಳುತ್ತದೆ. ಸೇಬಿಗೆ ಕಾರಣವಿದೆ. ಡಿಸೆಂಬರ್ 24 ಆ ಕಡೆ ಆದಾಮ ಮತ್ತು ಹವ್ವೆಯ ದಿನ. ಅಂದು ಆಡುತ್ತಿದ್ದ ನಾಟಕಗಳಲ್ಲಿ ಏದೆನ್ ತೋಟದ ಮರವನ್ನು ತೋರಿಸಲು ಹಸಿರು ಮರಕ್ಕೆ ಸೇಬು ಕಟ್ಟುತ್ತಿದ್ದರು. ಇಂದು ನಾವು ತೂಗುಹಾಕುವ ಕೆಂಪು ಚೆಂಡು ಆ ಸೇಬಿನ ಮೊಮ್ಮಗ. ಗಾಜಿನ ಚೆಂಡುಗಳನ್ನು ಊದಿ ಮಾಡುವ ಕಸುಬು 19ನೇ ಶತಮಾನದ ನಡುಭಾಗದಲ್ಲಿ ಜರ್ಮನಿಯ ಲೌಶಾ ಎಂಬ ಊರಿನಲ್ಲಿ ಬೆಳೆಯಿತು.

ಇಂಗ್ಲೆಂಡಿನ ಅರಮನೆಗೆ ಮರವನ್ನು ಒಯ್ದದ್ದೂ ಜರ್ಮನಿಯಿಂದ ಬಂದ ರಾಣಿಯರು, ರಾಜಕುಮಾರರೇ. ವಿಕ್ಟೋರಿಯಾ ರಾಣಿ, ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದು ಮಧ್ಯಮ ವರ್ಗದ ಮನೆಗಳ ಬಯಕೆಯಾಯಿತು. ವ್ಯಾಟಿಕನ್ನಿನ ಚೌಕದಲ್ಲಿ ಮರ ನಿಂತದ್ದು 1982ರಲ್ಲಷ್ಟೇ. ನಮ್ಮ ಮನೆಗೆ ಮರ ತಡವಾಗಿ ಬಂತೆಂದು ಯಾರಾದರೂ ಮೂಗು ಮುರಿದರೆ ಈ ಇಸವಿಯನ್ನು ನೆನಪಿಸುತ್ತೇನೆ.

ನಮ್ಮೂರಿನಲ್ಲಿ ಫರ್ ಮರ ಇಲ್ಲ. ಕರಾವಳಿಯ ಮನೆಗಳಲ್ಲಿ ಯಾವ ಮರ ಬಳಸುತ್ತಾರೆ?

ಗಾಳಿಮರದ ಕೊಂಬೆ. ಹಳೆ ಮೈಸೂರಿನ ಕಡೆ ಇದಕ್ಕೆ ಸರ್ವೆ ಮರ ಎನ್ನುತ್ತಾರೆ. ಕಡಲತೀರದ ಮರಳಿನಲ್ಲಿ ಸಾಲುಸಾಲಾಗಿ ನಿಂತು ಗಾಳಿಗೆ ಸುಯ್ಯೆನ್ನುವ ಮರ ಇದೇ. ನೋಡಲು ಪೈನ್ ಜಾತಿಯಂತೆ ಕಂಡರೂ ಪೈನ್ ಅಲ್ಲ, ಹೂ ಬಿಡುವ ಮರ. ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ ಕಡೆಯದು.

ಅದರ ಸೂಜಿಯಂಥ ಎಲೆಯನ್ನು ಒಮ್ಮೆ ಬೆರಳಿನಲ್ಲಿ ಹಿಡಿದು ನೋಡಿ. ಅದು ಎಲೆಯಲ್ಲ, ಗಂಟುಗಂಟಾದ ಹಸಿರು ಕಡ್ಡಿ. ಪ್ರತಿ ಗಂಟಿನ ಸುತ್ತ ಹಲ್ಲಿನಂತೆ ಕಾಣುವ ಆರೆಂಟು ಚೂರುಗಳೇ ನಿಜವಾದ ಎಲೆಗಳು. ಮೆಲ್ಲನೆ ಎಳೆದರೆ ಗಂಟಿನಲ್ಲಿ ಕಿತ್ತು ಬರುತ್ತದೆ. ಹಾಗೆಯೇ ಮರಳಿ ಸಿಕ್ಕಿಸಿದರೆ ಮುರಿದದ್ದು ಗೊತ್ತೇ ಆಗುವುದಿಲ್ಲ. "ಎಲ್ಲಿ ಮುರಿದಿದೆ ಹೇಳು" ಎಂದು ಪಂದ್ಯ ಕಟ್ಟಿ ನಾನೂ ತಮ್ಮನೂ ಮರದ ಅರ್ಧ ಎಲೆಯನ್ನು ಹಬ್ಬಕ್ಕೆ ಮುಂಚೆಯೇ ಮುಗಿಸುತ್ತಿದ್ದೆವು.

ತೀರದ ತೋಪುಗಳಿಗೆ ಮಾತ್ರ ಕತ್ತಿ ಹಿಡಿದು ಹೋಗಬೇಡಿ. ಅವು ಬಹುಮಟ್ಟಿಗೆ ಅರಣ್ಯ ಇಲಾಖೆಯವು, ಮರಳನ್ನು ತಡೆದು ನಿಲ್ಲಿಸುವುದಕ್ಕೆಂದೇ ನೆಟ್ಟವು. ಖಾಸಗಿ ಜಾಗದಲ್ಲಿ ಬೆಳೆದವರ ಹತ್ತಿರ ಕೇಳಿ ಒಂದು ಕೊಂಬೆ ತನ್ನಿ. ಮರವಿಡೀ ಕಡಿಯುವ ಅಗತ್ಯವೇ ಇಲ್ಲ. ನಾಲ್ಕೈದು ಅಡಿಯ, ಸುತ್ತಲೂ ಕವಲೊಡೆದ ಕೊಂಬೆ ಸಾಕು.

ಆ ಕೊಂಬೆಯನ್ನು ನಿಲ್ಲಿಸುವುದು ಹೇಗೆ? ಎಷ್ಟು ದಿನ ಬಾಳುತ್ತದೆ?

ಹಳೆಯ ಎಣ್ಣೆ ಡಬ್ಬಿ ಅಥವಾ ಬಕೆಟ್ ತೆಗೆದುಕೊಂಡು ತಳಕ್ಕೆ ಕಲ್ಲು, ಮೇಲೆ ಒದ್ದೆ ಮರಳು ತುಂಬಿ ಕೊಂಬೆಯನ್ನು ಆಳಕ್ಕೆ ನಾಟಿ. ಬುಡವನ್ನು ಓರೆಯಾಗಿ ಕತ್ತರಿಸಿರಬೇಕು. ದಿನಕ್ಕೊಮ್ಮೆ ಮರಳು ತೇವವಾಗುವಷ್ಟು ನೀರು ಹಾಕಿದರೆ ಒಂದು ವಾರ ಚೆನ್ನಾಗಿರುತ್ತದೆ. ಆಮೇಲೆ ಬಣ್ಣ ಮಂಕಾಗಿ ಉದುರಲು ಶುರು. ಅದಕ್ಕೇ 20ನೇ ತಾರೀಕಿಗೆ ಮುಂಚೆ ತರಬೇಡಿ ಎನ್ನುವುದು. ಕೊಂಬೆ ತೆಳು, ಭಾರ ತಡೆಯುವುದಿಲ್ಲ. ಕಾಗದದ ಅಲಂಕಾರ ಇದಕ್ಕೆ ಒಪ್ಪುತ್ತದೆ. ಗಾಜಿನ ಚೆಂಡು ಹಾಕಿದರೆ ಕೊಂಬೆಗಳು ತಲೆ ತಗ್ಗಿಸಿ ನಿಲ್ಲುತ್ತವೆ.

ನರ್ಸರಿಗಳಲ್ಲಿ "ಕ್ರಿಸ್ಮಸ್ ಟ್ರೀ" ಎಂದು ಮಾರುವ ಕುಂಡದ ಗಿಡ ತರಬಹುದೇ?

ತರಬಹುದು, ಏನು ತರುತ್ತಿದ್ದೀರಿ ಎಂದು ತಿಳಿದಿರಲಿ. ಬೆಂಗಳೂರಿನಲ್ಲಿ ಈ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಅರಾಕೇರಿಯ. ದಕ್ಷಿಣ ಪೆಸಿಫಿಕ್ ದ್ವೀಪಗಳ ಮರ ಇದು. ಮಹಡಿಮಹಡಿಯಾಗಿ ಕೊಂಬೆ ಚಾಚಿ ಅಚ್ಚುಕಟ್ಟಾಗಿ ಬೆಳೆಯುತ್ತದೆ. ಲಾಲ್‌ಬಾಗಿಗೆ ಹೋದರೆ ಆಕಾಶ ಮುಟ್ಟುವ ಇದರ ಹಿರಿಯರನ್ನು ಕಾಣಬಹುದು.

ಅಲ್ಲಿಯೇ ಎಚ್ಚರಿಕೆಯೂ ಇದೆ. ಹಬ್ಬ ಮುಗಿದ ಮೇಲೆ "ಪಾಪ, ನೆಲಕ್ಕೆ ಹಾಕೋಣ" ಎಂದು ಕಾಂಪೌಂಡಿನ ಮೂಲೆಯಲ್ಲಿ ನೆಟ್ಟವರು ಇಪ್ಪತ್ತು ವರ್ಷದ ನಂತರ ವಿದ್ಯುತ್ ತಂತಿಯೊಂದಿಗೆ ಜಗಳವಾಡುವ ಮರವನ್ನು ಎದುರಿಸುತ್ತಾರೆ. ನಮ್ಮ ನೆಂಟರೊಬ್ಬರು ಅದರ ತುದಿ ಕಡಿಸಿದರು. ತುದಿ ಹೋದ ಅರಾಕೇರಿಯ ಮೊದಲಿನ ಅಂದಕ್ಕೆ ಮರಳುವುದಿಲ್ಲ. ಇನ್ನೊಂದು ವಿಚಿತ್ರ: ಪಕ್ಕದ ಕೊಂಬೆಯನ್ನು ಕತ್ತರಿಸಿ ಬೇರು ಬರಿಸಿದರೆ ಆ ಗಿಡ ಜೀವನಪೂರ್ತಿ ಪಕ್ಕಕ್ಕೇ ಬೆಳೆಯುತ್ತದೆ, ನೆಟ್ಟಗೆ ಏಳುವುದಿಲ್ಲ.

ಕುಂಡದಲ್ಲಿಯೇ ಇಡಿ. ಬೆಳಕು ಬರುವ ಕಿಟಕಿಯ ಪಕ್ಕ ಇಟ್ಟು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ವಾರಕ್ಕೊಮ್ಮೆ ಕುಂಡ ತಿರುಗಿಸದಿದ್ದರೆ ಗಿಡ ಬೆಳಕಿನ ಕಡೆ ವಾಲುತ್ತದೆ. ಮೃದು ಕೊಂಬೆಗೆ ಹಗುರವಾದ ಅಲಂಕಾರ ಮಾತ್ರ. ನಮ್ಮದು ಒಂಬತ್ತು ವರ್ಷದಿಂದ ಬಾಲ್ಕನಿಯಲ್ಲಿದೆ, ವರ್ಷಕ್ಕೆ ಎರಡು ವಾರ ಒಳಗೆ ಬಂದು ಅತಿಥಿಯಾಗಿ ಹೋಗುತ್ತದೆ.

ಪ್ಲಾಸ್ಟಿಕ್ ಮರ ತಂದರೆ ತಪ್ಪೇ?

ತಪ್ಪಿಲ್ಲ, ಒಮ್ಮೆ ತಂದರೆ ಹತ್ತು ಹದಿನೈದು ವರ್ಷ ಬಳಸುವ ಮನಸ್ಸಿದ್ದರೆ. ಮೂರು ವರ್ಷಕ್ಕೆ ಬಿಸಾಡಿ ಇನ್ನೊಂದು ತರುವುದಾದರೆ ಬೇಡ. ಅದು ಕರಗುವ ಕೊಳೆಯುವ ವಸ್ತುವಲ್ಲ. ಕೃತಕ ಮರ ಹೊಸ ಕಾಲದ ಕೆಡುಕೇನೂ ಅಲ್ಲ. 19ನೇ ಶತಮಾನದಲ್ಲೇ ಜರ್ಮನ್ನರು ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಕೊಟ್ಟು ತಂತಿಗೆ ಸುತ್ತಿ ಮರ ಮಾಡುತ್ತಿದ್ದರು.

ಅಂಗಡಿಯಲ್ಲಿ ಕೊಳ್ಳುವಾಗ ಎತ್ತರಕ್ಕಿಂತ ಕೊಂಬೆಗಳ ದಟ್ಟಣೆಯನ್ನು ಮತ್ತು ಕಾಲನ್ನು ನೋಡಿ. ಪ್ಲಾಸ್ಟಿಕ್ ಕಾಲಿನದು ಮೊದಲ ವರ್ಷವೇ ಅಲ್ಲಾಡುತ್ತದೆ, ಕಬ್ಬಿಣದ ಕಾಲಿನದು ಇರಲಿ. ಫ್ಲ್ಯಾಟಿಗೆ ಐದು ಅಡಿ ಸಾಕು. ಮನೆಗೆ ತಂದ ಮೇಲೆ ಪ್ರತಿಯೊಂದು ಕೊಂಬೆಯನ್ನೂ ಕೈಯಿಂದ ಬಿಡಿಸಿ ಹರಡಬೇಕು. ಅರ್ಧ ಗಂಟೆಯ ಕೆಲಸ, ಬೆರಳು ಉರಿಯುತ್ತದೆ. ಇದನ್ನು ಬಿಟ್ಟವರ ಮರ ಮಡಚಿದ ಕೊಡೆಯಂತೆ ಕಾಣುತ್ತದೆ.

ಮೊದಲು ದೀಪ ಹಾಕಬೇಕೋ, ಚೆಂಡು ಹಾಕಬೇಕೋ?

ದೀಪ. ಅದಕ್ಕೂ ಮುಂಚೆ ಸೀರಿಯಲ್ ಸೆಟ್ಟನ್ನು ನೆಲದ ಮೇಲೆ ಹರಡಿ, ಪ್ಲಗ್ಗಿಗೆ ಹಾಕಿ, ಉರಿಯುತ್ತದೆಯೇ ನೋಡಿ. ಮರಕ್ಕೆಲ್ಲ ಸುತ್ತಿದ ಮೇಲೆ ಉರಿಯದೆ ಹೋದಾಗ ಮನೆಯಲ್ಲಿ ಆಡುವ ಮಾತುಗಳು ಹಬ್ಬಕ್ಕೆ ಶೋಭೆಯಲ್ಲ. ಬುಡದಿಂದ ಶುರುಮಾಡಿ, ತಂತಿಯನ್ನು ಕಾಂಡದ ಹತ್ತಿರ ಒಯ್ದು ಮತ್ತೆ ಕೊಂಬೆಯ ತುದಿಗೆ ತನ್ನಿ. ಒಳಗೂ ಬೆಳಕಿದ್ದರೆ ಮರಕ್ಕೆ ಆಳ ಬರುತ್ತದೆ. ಆಮೇಲೆ ದೊಡ್ಡ ಚೆಂಡುಗಳನ್ನು ಒಳಭಾಗಕ್ಕೂ ಸಣ್ಣವನ್ನು ತುದಿಗೂ ಹಾಕಿ. ಜರಿ ಕೊನೆಗೆ, ಅದೂ ಸ್ವಲ್ಪವೇ.

ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಎಲ್ಲವೂ ಆರುವುದೇಕೆ?

ಹೆಸರಿನಲ್ಲೇ ಉತ್ತರವಿದೆ. ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ, ಕರೆಂಟ್ ಒಂದರಿಂದ ಇನ್ನೊಂದಕ್ಕೆ ಹಾದುಹೋಗಬೇಕು. ನಮ್ಮ ಮನೆಯ 230 ವೋಲ್ಟನ್ನು 6 ವೋಲ್ಟಿನ ಸಣ್ಣ ಬಲ್ಬುಗಳಿಗೆ ಹಂಚಿದರೆ ಸುಮಾರು 38 ಬಲ್ಬು. ಒಂದರ ತಂತು ಕಡಿದರೆ ದಾರಿಯೇ ಕಡಿದಂತೆ. ಹಳೆಯ ಸೆಟ್ಟುಗಳಲ್ಲಿ ಅಪ್ಪ ಒಂದೊಂದೇ ಬಲ್ಬ್ ಕಿತ್ತು ಒಳ್ಳೆಯದನ್ನು ಸಿಕ್ಕಿಸಿ ಪರೀಕ್ಷಿಸುತ್ತಿದ್ದರು. ಡಿಸೆಂಬರ್ 23ರ ರಾತ್ರಿ ನಮ್ಮ ಮನೆಯ ನಿಯತ ಕಾರ್ಯಕ್ರಮ ಅದು. ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆರಿಸಿದರೆ ಸಾಲದು. ಈಗಿನ ಎಲ್‌ಇಡಿ ಸೆಟ್ಟುಗಳಲ್ಲಿ ಬೆಸುಗೆ ಹಾಕಿರುವುದರಿಂದ ಈ ರಿಪೇರಿ ನಡೆಯುವುದಿಲ್ಲ.

ಮರಕ್ಕೆ ಮೊದಲ ಬಾರಿ ವಿದ್ಯುತ್ ದೀಪ ಹಾಕಿದವರು ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್, 1882ರಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ. ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು. ಅದಕ್ಕೂ ಮುಂಚೆ ಒಣಗಿದ ಮರಕ್ಕೆ ಉರಿಯುವ ಮೇಣದ ಬತ್ತಿ ಸಿಕ್ಕಿಸಿ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಳ್ಳುತ್ತಿದ್ದರು. ಬತ್ತಿಯ ಚಪಲ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ದೀಪವನ್ನು ರಾತ್ರಿಯಿಡೀ ಉರಿಸಬಹುದೇ?

ಮಲಗುವ ಮುನ್ನ ಆರಿಸಿ. ಮನೆಯಿಂದ ಹೊರಡುವಾಗಲೂ ಅಷ್ಟೇ. ಐಎಸ್‌ಐ ಗುರುತಿರುವ ಎಕ್ಸ್‌ಟೆನ್ಷನ್ ಬೋರ್ಡ್ ಬಳಸಿ. ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ತಗಲಿಸುತ್ತಾ ಹೋಗಬೇಡಿ.

ನಕ್ಷತ್ರವನ್ನು ಮನೆಯಲ್ಲೇ ಮಾಡುವುದು ಹೇಗೆ?

ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಇದು. ಹಂಪನಕಟ್ಟೆಯಲ್ಲೋ ಶಿವಾಜಿನಗರದಲ್ಲೋ ಮಡಚುವ ಕಾಗದದ ನಕ್ಷತ್ರ ಕೊಳ್ಳುವುದು ಐದು ನಿಮಿಷದ ಕೆಲಸ, ಒಪ್ಪುತ್ತೇನೆ. ಆದರೆ ದೀಪಾವಳಿಗೆ ಗೂಡುದೀಪ ಕಟ್ಟಲು ಬರುವ ಕೈಗೆ ನಕ್ಷತ್ರ ಕಷ್ಟವಲ್ಲ. ನಮ್ಮ ಪಕ್ಕದ ಮನೆಯವರು ಗೂಡುದೀಪಕ್ಕೆ ಸೀಳಿದ ಬಿದಿರಿನಲ್ಲಿ ಉಳಿದದ್ದನ್ನು ಅಪ್ಪ ಕೇಳಿ ತಂದು ಅಟ್ಟದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಸರಿಯಾಗಿ 60 ಸೆಂಟಿಮೀಟರಿನ ಹತ್ತು ಬಿದಿರ ಕಡ್ಡಿ ಬೇಕು, ಬೆರಳಿಗಿಂತ ತೆಳು, ಗಂಟು ಕೆತ್ತಿ ನಯ ಮಾಡಿದವು. 12 ಸೆಂಟಿಮೀಟರಿನ ಐದು ತುಂಡುಗಳು ಬೇರೆ. ಐದು ಉದ್ದ ಕಡ್ಡಿಗಳನ್ನು, ನಾವು ಪೆನ್ಸಿಲ್ ಎತ್ತದೆ ಐದು ಮೂಲೆಯ ನಕ್ಷತ್ರ ಬರೆಯುತ್ತೇವಲ್ಲ, ಅದೇ ಕ್ರಮದಲ್ಲಿ ನೆಲದ ಮೇಲೆ ಇಟ್ಟು ಐದು ತುದಿಗಳನ್ನೂ ದಾರದಿಂದ ಬಿಗಿಯಿರಿ. ಕಡ್ಡಿಗಳು ಒಂದರ ಮೇಲೊಂದು ಹಾದುಹೋಗುವ ಐದು ಕಡೆಯೂ ಕಟ್ಟು ಬೀಳಲಿ. ಇನ್ನೊಂದು ಐದರಲ್ಲಿ ಅಂಥದೇ ಎರಡನೆಯದು. ಈಗ ಒಂದರ ಮೇಲೊಂದಿಟ್ಟು ತುದಿಗೆ ತುದಿ ಕಟ್ಟಿ. ಆಮೇಲೆ ನಡುವಿನ ಐದು ಕೂಡುಗಳಲ್ಲಿ, ಎರಡು ಚೌಕಟ್ಟುಗಳ ನಡುವೆ, ಆ ಗಿಡ್ಡ ತುಂಡುಗಳನ್ನು ಒಂದೊಂದಾಗಿ ಆನಿಸಿ ನಿಲ್ಲಿಸಿ. ಚಪ್ಪಟೆಯಾಗಿ ಮಲಗಿದ್ದ ನಕ್ಷತ್ರ ಕಣ್ಣೆದುರೇ ಹೊಟ್ಟೆ ಉಬ್ಬಿಸಿಕೊಂಡು ಏಳುತ್ತದೆ. ಐವತ್ತು ವರ್ಷ ದಾಟಿದ ನನಗೂ ಆ ಕ್ಷಣ ಇಷ್ಟ.

ಕಾಗದ ಗಾಳಿಪಟದ ತೆಳು ಕಾಗದವೇ ಆಗಬೇಕು. ಅಂಟಿಗೆ ಮೈದಾ ಕುದಿಸಿ. ಜಿರಲೆ ತಿನ್ನದಂತೆ ಅಪ್ಪ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ, ಮಕ್ಕಳು ಸುತ್ತಮುತ್ತ ಇದ್ದರೆ ಬೇಡವೇ ಬೇಡ. ಹಿಂಭಾಗದ ಒಂದು ತ್ರಿಕೋನವನ್ನು ಅಂಟಿಸದೆ ಬಿಡಿ, ಬಲ್ಬ್ ಒಳಗೆ ಹೋಗಬೇಕಲ್ಲ. ಒಂದು ವರ್ಷ ನಾವು 60 ವಾಟಿನ ಹಳೆಯ ಬಲ್ಬ್ ಹಾಕಿ, ಬೆಳಿಗ್ಗೆ ನೋಡುವಾಗ ಬಿಳಿ ಕಾಗದದ ನಡುವೆ ದೋಸೆಯಷ್ಟು ಅಗಲ ಕಂದು ಕಲೆ. ಬೆಂಕಿ ಹತ್ತದೆ ಉಳಿದದ್ದು ಪುಣ್ಯ. ಈಗ 5 ವಾಟಿನ ಎಲ್‌ಇಡಿ ಸಾಕು.

ಗೋದಲಿ ಎಂದರೇನು? ಮರ ಇದ್ದ ಮೇಲೂ ಅದು ಬೇಕೇ?

ದನಕ್ಕೆ ಹುಲ್ಲು ಹಾಕುವ ತೊಟ್ಟಿಗೆ ಗೋದಲಿ ಎನ್ನುತ್ತೇವೆ. ಛತ್ರದಲ್ಲಿ ಸ್ಥಳ ಸಿಗದೆ ಮರಿಯಳು ಮಗುವನ್ನು ಮಲಗಿಸಿದ್ದು ಅದರಲ್ಲಿ. ಆ ದೃಶ್ಯವನ್ನು ಗೊಂಬೆಗಳಿಂದ ಕಟ್ಟುವುದಕ್ಕೂ ಅದೇ ಹೆಸರು. ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ದೃಶ್ಯವನ್ನು ಕಟ್ಟಿ ತೋರಿಸಿದ್ದು ಈ ಪದ್ಧತಿಯ ಮೂಲ ಎನ್ನುತ್ತಾರೆ.

ನಮ್ಮ ಗೋದಲಿಯ ಬೆತ್ಲೆಹೇಮಿನಲ್ಲಿ ಅಡಿಕೆ ಸೋಗೆಯ ಮಾಡು ಇತ್ತು, ಕನ್ನಡಿ ಚೂರಿನ ಕೆರೆ ಇತ್ತು, ರಾಟೆ ಇರುವ ಬಾವಿ ಇತ್ತು, ತಮ್ಮನ ಹಠಕ್ಕಾಗಿ ಒಂದು ಬಸ್ಸೂ ಇತ್ತು. ಹಿಂದೆ ಬೆಟ್ಟಕ್ಕೆ ಸಿಮೆಂಟ್ ಚೀಲದ ಕಾಗದವನ್ನು ಮುದುಡಿ, ಮಸಿ ನೀರು ಚಿಮುಕಿಸಿ ನಿಲ್ಲಿಸುತ್ತಿದ್ದೆವು. ಗದ್ದೆ ಮಾತ್ರ ನಿಜವಾದದ್ದು. ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ, ರಾತ್ರಿ ನೆನೆಸಿದ ರಾಗಿಯನ್ನು ಡಿಸೆಂಬರ್ 13, 14ಕ್ಕೆ ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿಡುವುದು. ಮೂರನೆಯ ದಿನ ಬಿಳಿ ಮೊಳಕೆ, ಬಟ್ಟೆ ತೆಗೆದು ಬೆಳಕಿಗಿಟ್ಟರೆ ಹಬ್ಬದ ಹೊತ್ತಿಗೆ ಹಸಿರು ಹಾಸು. ನೀರು ಚಿಮುಕಿಸುವ ಕೆಲಸ ಮನೆಯ ಅತಿ ಚಿಕ್ಕ ಮಗುವಿನದು. ಹೆಚ್ಚು ಸುರಿದು ಕೊಳೆಸಿದ ವರ್ಷಗಳೂ ಇವೆ.

ಮೈಸೂರಿನ ಕಡೆಯ ಗೆಳತಿಯೊಬ್ಬಳು ನಮ್ಮ ಗೋದಲಿ ನೋಡಿ, "ಇದು ನಮ್ಮ ದಸರಾ ಗೊಂಬೆಯ ತಂಗಿ" ಎಂದಳು. ಅವಳಲ್ಲಿ ಅಂಗಡಿ ಇಟ್ಟುಕೊಂಡ ಶೆಟ್ಟಿ, ಶೆಟ್ಟಮ್ಮನ ಗೊಂಬೆಗಳಿವೆ, ನಮ್ಮಲ್ಲಿ ಕುರಿ ಹೊತ್ತ ಕುರುಬ. ಎರಡೂ ಕಡೆ ಮಕ್ಕಳು ಬಂದು ಮೊದಲು ಕೇಳುವುದು ಒಂದೇ: "ಈ ವರ್ಷ ಹೊಸದು ಯಾವುದು?" ಮರದ ಎದುರು ನಿಂತು ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಮರವನ್ನು ನೋಡಿ "ಚೆನ್ನಾಗಿದೆ" ಎಂದು ಮುಂದೆ ಹೋಗುತ್ತಾರೆ, ಗೋದಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಬೇಕೇ ಎಂದು ಕೇಳಿದಿರಲ್ಲ, ಇದೇ ನನ್ನ ಉತ್ತರ.

ಬಾಲ ಯೇಸುವಿನ ಗೊಂಬೆಯನ್ನು ಯಾವಾಗ ಇಡಬೇಕು?

24ರ ರಾತ್ರಿಯ ಪೂಜೆ ಮುಗಿಸಿ ಇಗರ್ಜಿಯಿಂದ ಮನೆಗೆ ಬಂದ ಮೇಲೆ. ಅಲ್ಲಿಯವರೆಗೆ ಗೋದಲಿ ಖಾಲಿ, ಗೊಂಬೆ ಅಮ್ಮನ ಕಪಾಟಿನಲ್ಲಿ. ಮೂವರು ರಾಯರನ್ನು, ಅಂದರೆ ಪೂರ್ವದಿಂದ ಬಂದ ಆ ಜ್ಞಾನಿಗಳನ್ನು, ಅಂದೇ ಒಳಗೆ ತರಬೇಡಿ. ಅವರು ದೂರದಿಂದ ಬರುವವರು. ನಮ್ಮಲ್ಲಿ ಅವರು ಒಂಟೆಗಳ ಸಮೇತ ಟಿವಿಯ ಮೇಲಿಂದ ಹೊರಟು, ದಿನಕ್ಕೊಂದು ಗೇಣು ಸರಿದು, ಜನವರಿ 6ರ ಹೊತ್ತಿಗೆ ಗೋದಲಿ ತಲುಪುತ್ತಾರೆ. ಒಮ್ಮೆ ಮನೆಗೆಲಸಕ್ಕೆ ಬರುವ ಅಕ್ಕ ಧೂಳು ಒರೆಸುವಾಗ ಮೂವರನ್ನೂ ಹಿಂದಕ್ಕೆ ತಿರುಗಿಸಿಟ್ಟು, ಮಗಳು "ಅವರಿಗೆ ದಾರಿ ತಪ್ಪಿದೆ" ಎಂದು ಅತ್ತಿದ್ದಳು.

ಮರಕ್ಕೆ ಹತ್ತಿಯ ಹಿಮ ಹಾಕುವುದು ಬೇಡವೇ?

ಬೇಡ. ಹತ್ತಿ ಬೇಗ ಬೆಂಕಿ ಹಿಡಿಯುತ್ತದೆ, ದೀಪದ ತಂತಿಯ ಪಕ್ಕ ಇರಬಾರದು. ಇನ್ನು ಮಂಗಳೂರಿನ ಡಿಸೆಂಬರ್ ಮಧ್ಯಾಹ್ನದಲ್ಲಿ ಬೆವರು ಒರೆಸಿಕೊಳ್ಳುತ್ತಾ ಹಿಮ ಅಂಟಿಸುವುದರಲ್ಲಿ ಏನೋ ತಮಾಷೆ ಇದೆ ಎಂದು ನನಗೆ ಯಾವಾಗಲೂ ಅನಿಸಿದೆ.

ಹೆಚ್ಚು ಖರ್ಚಿಲ್ಲದೆ ಅಲಂಕಾರ ಮಾಡಲು ಏನು ಮಾಡಬಹುದು?

ಕೇಕಿಗೆಂದು ಮೊಟ್ಟೆ ಒಡೆಯುವ ಮುಂಚೆ ಎರಡು ತುದಿಯಲ್ಲೂ ಸೂಜಿಯಿಂದ ತೂತು ಮಾಡಿ, ಊದಿ ಒಳಗಿನದನ್ನು ತೆಗೆಯಿರಿ. ಚಿಪ್ಪು ತೊಳೆದು ಒಣಗಿಸಿ ಬಣ್ಣ ಬಳಿದರೆ ಗಾಜಿನ ಚೆಂಡಿಗೆ ಸಾಟಿ. ಅಡಿಕೆ ಹಾಳೆಯನ್ನು ನೆನೆಸಿ, ಭಾರ ಹೇರಿ ಒಣಗಿಸಿ, ಕತ್ತರಿಯಿಂದ ನಕ್ಷತ್ರ ಕತ್ತರಿಸಬಹುದು. ಅದರ ಕಂದು ಬಣ್ಣ ಹಸಿರಿನ ಮೇಲೆ ಚೆನ್ನಾಗಿ ಕಾಣುತ್ತದೆ. ಸಣ್ಣ ತೆಂಗಿನ ಗೆರಟೆಯನ್ನು ಉಜ್ಜಿ ನಯಮಾಡಿ ಕವುಚಿ ತೂಗುಹಾಕಿದರೆ ಗಂಟೆ. ಹಳೆಯ ಮದುವೆ ಕರೆಯೋಲೆಗಳ ಗಟ್ಟಿ ಕಾಗದದಲ್ಲಿ ಸರಪಳಿ ಮಾಡಿ. ನಮ್ಮ ಮರದಲ್ಲಿ ಎರಡು ಮೂರು ಜೋಡಿಗಳ ಹೆಸರು ಇನ್ನೂ ಓದಲು ಬರುತ್ತದೆ.

ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಬೆಕ್ಕೂ ಇದೆ. ಏನು ಮಾಡುವುದು?

ಮರವನ್ನು ಮೇಜಿನ ಮೇಲೆ ಇಡಿ, ಇಲ್ಲವೇ ಕಾಂಡವನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿ. ಕೆಳಗಿನ ಎರಡು ಅಡಿಗೆ ಬಟ್ಟೆ, ಕಾಗದದ ವಸ್ತುಗಳು ಮಾತ್ರ. ಬೆಕ್ಕಿನ ಮನೆಯಲ್ಲಿ ಜರಿ ಬೇಡ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಅಡ್ವೆಂಟ್ ಮಾಲೆಯ ನಾಲ್ಕು ಬತ್ತಿಗಳಲ್ಲಿ ಒಂದು ಮಾತ್ರ ಗುಲಾಬಿ ಬಣ್ಣ ಏಕೆ?

ಹಸಿರು ಕೊಂಬೆಗಳ ಈ ದುಂಡು ಮಾಲೆಯಲ್ಲಿ ಅಡ್ವೆಂಟಿನ ಭಾನುವಾರಕ್ಕೊಂದರಂತೆ ಬತ್ತಿ ಹಚ್ಚುತ್ತಾರೆ. ಮೂರನೆಯ ಭಾನುವಾರ ಸಂತೋಷದ ಭಾನುವಾರ, ಅದಕ್ಕೆ. ಉಳಿದ ಮೂರು ನೇರಳೆ. ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೊಹಾನ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, "ಹಬ್ಬಕ್ಕೆ ಇನ್ನೆಷ್ಟು ದಿನ" ಎನ್ನುವ ಮಕ್ಕಳಿಗಾಗಿ 1839ರಲ್ಲಿ ಗಾಡಿಯ ಚಕ್ರಕ್ಕೆ ಬತ್ತಿ ನಿಲ್ಲಿಸಿದರು: ದಿನಗಳಿಗೆ ಸಣ್ಣವು, ಭಾನುವಾರಗಳಿಗೆ ದೊಡ್ಡವು. ಈಗ ಭಾನುವಾರದ ನಾಲ್ಕು ಮಾತ್ರ ಉಳಿದಿವೆ.

ನಾವು ಕ್ರೈಸ್ತರಲ್ಲ. ಮಕ್ಕಳು ಮರ ಬೇಕೆನ್ನುತ್ತಾರೆ. ನಿಲ್ಲಿಸಿದರೆ ನಿಮ್ಮವರಿಗೆ ಬೇಸರವಾಗುತ್ತದೆಯೇ?

ನನಗಂತೂ ಇಲ್ಲ. ಮೇಲೆ ಹೇಳಿದಂತೆ ಮರ ಶಾಸ್ತ್ರದ ವಸ್ತುವಲ್ಲ. ಆದರೆ ನಿಮ್ಮ ಮಕ್ಕಳನ್ನು ಒಂದು ಸಂಜೆ ನಮ್ಮ ಮನೆಗೆ ಗೋದಲಿ ನೋಡಲು ಕಳುಹಿಸಿ. ಬರುವಾಗ ಬರಿಗೈಯಲ್ಲಿ ಬರಬಹುದು, ಹೋಗುವಾಗ ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಹಿಡಿದುಕೊಂಡು ಹೋಗಬೇಕಾಗುತ್ತದೆ.

ಕುಸ್ವಾರನ್ನು ಮರದ ಬುಡದಲ್ಲಿ ಇಡಬಹುದೇ?

ಒಂದು ವರ್ಷ ಇಟ್ಟಿದ್ದೆವು. ನೆವ್ರಿ, ಕಿಡಿಯೊ, ರೋಸ್ ಕುಕ್ಕಿ, ಎಲ್ಲವನ್ನೂ ಚಂದಕ್ಕೆ ಬುಟ್ಟಿಯಲ್ಲಿ ಜೋಡಿಸಿ. ಬೆಳಿಗ್ಗೆ ಗೋದಲಿಯ ಕುರುಬರ ನಡುವಿನಿಂದ ಇರುವೆಗಳ ಮೆರವಣಿಗೆ ಹೊರಟಿತ್ತು. ಡಬ್ಬಿಯಲ್ಲೇ ಇರಲಿ.

ಅಮೆರಿಕದಲ್ಲಿದ್ದೇವೆ, ಈ ವರ್ಷ ನಿಜವಾದ ಮರ ತರುವ ಆಸೆ. ಏನು ಗಮನಿಸಬೇಕು?

ಅಲ್ಲಿರುವ ತಮ್ಮನ ಅನುಭವದಿಂದ ಹೇಳುತ್ತೇನೆ. ಸೂಜಿ ಬೇಗ ಉದುರಬಾರದೆಂದರೆ ಫ್ರೇಸರ್ ಫರ್, ಸುವಾಸನೆಗೆ ಬಾಲ್ಸಮ್ ಫರ್. ಕೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಾಗ ಕೈಗೆ ಸೂಜಿ ಬಂದರೆ ಆ ಮರ ಬೇಡ. ಕಡಿದ ಬುಡವನ್ನು ಅಂಟು ಮುಚ್ಚಿಬಿಟ್ಟಿರುತ್ತದೆ, ಆದ್ದರಿಂದ ಮನೆಗೆ ತಂದೊಡನೆ ಅರ್ಧದಿಂದ ಒಂದು ಇಂಚು ಹೊಸದಾಗಿ ಕತ್ತರಿಸಿ ನೀರಿನ ತೊಟ್ಟಿ ಇರುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಕಾಂಡದ ಪ್ರತಿ ಇಂಚು ದಪ್ಪಕ್ಕೆ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಬೇಕು, ಮೊದಲ ದಿನಗಳಲ್ಲಿ ಅದನ್ನೂ ಮೀರಿ ಕುಡಿಯಬಹುದು. ಹೀಟರಿನಿಂದ ದೂರವಿಡಿ. ಜನವರಿಯಲ್ಲಿ ಬಹಳಷ್ಟು ಊರುಗಳಲ್ಲಿ ನಗರಾಡಳಿತದವರೇ ಬಂದು ಒಯ್ದು ಪುಡಿಮಾಡಿ ಗಿಡಗಳ ಬುಡಕ್ಕೆ ಹಾಕುತ್ತಾರೆ. ಜರಿ, ತಂತಿ ಎಲ್ಲ ತೆಗೆದುಕೊಡಿ.

ಅಲಂಕಾರವನ್ನು ಯಾವಾಗ ತೆಗೆಯಬೇಕು, ಹೇಗೆ ಎತ್ತಿಡಬೇಕು?

ರಾಯರ ಹಬ್ಬ ಕಳೆದ ಮೇಲೆ. ಅದು ಜನವರಿ 6, ಭಾರತದಲ್ಲಿ ಸಾಮಾನ್ಯವಾಗಿ ಹತ್ತಿರದ ಭಾನುವಾರ ಆಚರಿಸುತ್ತಾರೆ. ಫೆಬ್ರುವರಿ 2ರವರೆಗೆ ಇಡುವ ಹಳೆಯ ರೂಢಿಯೂ ಇದೆ. ಗಾಜಿನ ಚೆಂಡುಗಳಿಗೆ ಮೊಟ್ಟೆಯ ಟ್ರೇ ಅಳತೆ ಕೊಟ್ಟು ಮಾಡಿಸಿದಂತೆ ಹೊಂದುತ್ತದೆ. ಸೀರಿಯಲ್ ಸೆಟ್ಟನ್ನು ರಟ್ಟಿನ ತುಂಡಿಗೆ ಸುತ್ತಿಡಿ, ಮುಂದಿನ ವರ್ಷದ ಗಂಟು ಬಿಡಿಸುವ ಒಂದು ಗಂಟೆ ಉಳಿಯುತ್ತದೆ. ಕರಾವಳಿಯ ಮನೆಯಾದರೆ ಮಳೆಗಾಲದ ತೇವಕ್ಕೆ ಕಾಗದದ ನಕ್ಷತ್ರ ಬೂಸು ಹಿಡಿಯುತ್ತದೆ. ಕಾಗದ ಹರಿದು ತೆಗೆದು ಬಿದಿರ ಚೌಕಟ್ಟನ್ನು ಮಾತ್ರ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ. ಹೊಗೆ ತಾಗಿದರೆ ಹುಳು ಕೊರೆಯುವುದಿಲ್ಲ.

ಒಣಗಿದ ಗಾಳಿಮರದ ಕೊಂಬೆಯನ್ನು ಏನು ಮಾಡುವುದು?

ಬೆಂಗಳೂರಿನಲ್ಲಾದರೆ ತುಂಡುಮಾಡಿ ತೋಟದ ಕಸದೊಂದಿಗೆ ಕೊಡಿ, ಇಲ್ಲವೇ ಗಿಡಗಳ ಬುಡಕ್ಕೆ ಮುಚ್ಚಿಗೆ ಹಾಕಿ. ಊರಿನಲ್ಲಿ ಅದು ಸ್ನಾನದ ಹಂಡೆಯ ಒಲೆಗೆ ಹೋಗುತ್ತಿತ್ತು. ಒಣ ಸೂಜಿಗಳು ಚಟಪಟ ಹತ್ತಿಕೊಳ್ಳುತ್ತವೆ, ಕಾಂಡ ನಿಧಾನವಾಗಿ ಜೋರು ಶಾಖ ಕೊಡುತ್ತದೆ. ಒಮ್ಮೊಮ್ಮೆ ತೆಗೆಯಲು ಮರೆತ ಜರಿಯ ಎಳೆ ಬೂದಿಯಲ್ಲಿ ಸಿಗುತ್ತಿತ್ತು. ಅಜ್ಜಿ ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುವಾಗ ಅದನ್ನು ಹೆಕ್ಕಿ ಬದಿಗಿಟ್ಟು, "ಇದು ಯಾರ ಕೆಲಸ?" ಎಂದು ಬಾವಿಕಟ್ಟೆಯಿಂದಲೇ ಕೂಗುತ್ತಿದ್ದರು.